ಬೆಳಕಿನಿಂದ ಎಬ್ಬಿಸುವ ಅಲಾರಂ ದೀಪ: ಬಳಸಿ ಬರೆದ ವಿಮರ್ಶೆ

ನಡುರಾತ್ರಿ ಕಳೆದ ಮೇಲಷ್ಟೇ ನಿದ್ದೆ ಹತ್ತುವ, ಆದರೆ ಬೆಳಿಗ್ಗೆ ನಿಗದಿತ ವೇಳೆಗೆ ಕೆಲಸಕ್ಕೆ ಹಾಜರಾಗಲೇಬೇಕಾದ ನನ್ನಂಥವರನ್ನು ಗಮನದಲ್ಲಿಟ್ಟು ತಯಾರಾದ ಸಾಧನವಿದು. ಏಳಬೇಕಾದ ಹೊತ್ತಿಗೆ ಅರ್ಧ ಗಂಟೆ ಮೊದಲೇ ಮಂದ ಕೆಂಪಿನಲ್ಲಿ ಹೊತ್ತಿಕೊಳ್ಳುವ ದೀಪ ನಿಧಾನವಾಗಿ ಕಿತ್ತಳೆಗೆ ತಿರುಗಿ, ಕೊನೆಗೆ ಹಳದಿ ಬೆರೆತ ಬಿಳಿಯಾಗಿ ಕೋಣೆಯನ್ನು ತುಂಬುತ್ತದೆ. ಸದ್ದು ಬರುವುದು ಆಮೇಲೆ, ಅದೂ ಸಣ್ಣಗೆ.

ಎಬ್ಬಿಸುವ ಕೆಲಸವನ್ನು ಇದು ಚೆನ್ನಾಗಿ ಮಾಡುತ್ತದೆ. ಫೋನಿನ ಅಲಾರಂ ಗಾಢನಿದ್ದೆಯಿಂದ ಬಡಿದೆಬ್ಬಿಸಿದಾಗ ಬಹಳ ಹೊತ್ತು ಉಳಿಯುತ್ತಿದ್ದ ಮಂಕು ಈಗ ಸಾಕಷ್ಟು ಕಡಿಮೆಯಾಗಿದೆ. ಬೆಳಕು ಕಿತ್ತಳೆಗೆ ತಿರುಗುವಾಗ ಮಗ್ಗುಲು ಬದಲಿಸಿರುತ್ತೇನೆ, ಸದ್ದು ಕೇಳುವಷ್ಟರಲ್ಲಿ ಹೆಚ್ಚಿನ ದಿನಗಳಲ್ಲಿ ಕಣ್ಣು ಬಿಟ್ಟಿರುತ್ತೇನೆ. ಮುಸುಕೆಳೆದು ಮಲಗುವವರಿಗೆ ಮಾತ್ರ ಇದರಿಂದ ಪ್ರಯೋಜನವಿಲ್ಲ.

ಆದರೆ ಪೆಟ್ಟಿಗೆಯ ಮೇಲೆ ಮುದ್ರಿಸಿರುವಂತೆ ಇದು ‘ದೇಹದ ಗಡಿಯಾರವನ್ನು ಸರಿಪಡಿಸುತ್ತದೆ’ ಎಂಬುದನ್ನು ನಾನು ಒಪ್ಪಲಾರೆ. ಆ ಗಡಿಯಾರವಿರುವುದು ಮಿದುಳಿನ ಹೈಪೋಥಲಾಮಸ್‌ನ ಪುಟ್ಟದೊಂದು ನರಕೋಶಗಳ ಗುಂಪಿನಲ್ಲಿ. ಅದರ ಒಂದು ಸುತ್ತು ಬಹುಪಾಲು ಜನರಲ್ಲಿ 24 ಗಂಟೆಗಿಂತ ತುಸು ಹೆಚ್ಚಾಗಿರುವುದರಿಂದ, ಪ್ರತಿ ಬೆಳಿಗ್ಗೆ ಕಣ್ಣಿಗೆ ಬೀಳುವ ಬೆಳಕೇ ಅದನ್ನು ಹಿಂದಕ್ಕೆಳೆದು ಹಗಲಿಗೆ ಹೊಂದಿಸಬೇಕು. ಈ ಬಗೆಯ ದೀಪಗಳು ದಿಂಬಿನ ಬಳಿ ಸಾಮಾನ್ಯವಾಗಿ 200ರಿಂದ 300 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ಬೆಳಕು ಕೊಟ್ಟರೆ, ಮೋಡ ಕವಿದ ಹಗಲಿನಲ್ಲೂ ಹೊರಗೆ ಸಾವಿರಾರು ಲಕ್ಸ್ ಸಿಗುತ್ತದೆ. ಎದ್ದ ಕೂಡಲೇ ಅರ್ಧ ಗಂಟೆ ಬಯಲಿನಲ್ಲಿ ನಡೆದಾಡುವುದರಿಂದ ಆಗುವ ಕೆಲಸವನ್ನು ದೀಪವೊಂದರಿಂದಲೇ ನಿರೀಕ್ಷಿಸುವುದು ಸರಿಯಲ್ಲ.

ಕೈಪಿಡಿ ಹೇಳದೆ ಬಿಟ್ಟಿರುವ ಇನ್ನೊಂದು ಮಹತ್ವದ ಸಂಗತಿಯಿದೆ. ಸಹಜವಾಗಿ ಎಚ್ಚರವಾಗುವುದಕ್ಕೆ ಸುಮಾರು ಎರಡು ಗಂಟೆ ಮೊದಲು ದೇಹದ ಉಷ್ಣತೆ ಅತ್ಯಂತ ಕೆಳಮಟ್ಟದಲ್ಲಿರುತ್ತದೆ. ಅದರ ನಂತರ ಕಾಣುವ ಬೆಳಕು ನಿದ್ದೆಯ ವೇಳೆಯನ್ನು ಮುಂಚಿತಗೊಳಿಸಿದರೆ, ಅದಕ್ಕೆ ಮೊದಲು ಕಾಣುವ ಬೆಳಕು ಇನ್ನಷ್ಟು ತಡಮಾಡುತ್ತದೆ. ರಜೆಯಲ್ಲಿ ಒಂಬತ್ತಕ್ಕೆ ತಾನಾಗಿ ಏಳುವವರು ಕೆಲಸಕ್ಕಾಗಿ ಏಕಾಏಕಿ ಐದಕ್ಕೆ ದೀಪ ಹೊಂದಿಸಿಕೊಂಡರೆ ಅದು ವಿರುದ್ಧ ದಿಕ್ಕಿನಲ್ಲಿ ಕೆಲಸ ಮಾಡುವ ಸಾಧ್ಯತೆಯೇ ಹೆಚ್ಚು. ಏಳುವ ವೇಳೆಯನ್ನು ಎರಡು ಮೂರು ದಿನಕ್ಕೊಮ್ಮೆ ಕಾಲು ಗಂಟೆಯಂತೆ ಮುಂಚಿತಗೊಳಿಸುವುದು, ಮಲಗುವ ಮೊದಲಿನ ಒಂದೆರಡು ಗಂಟೆ ಮನೆಯ ದೀಪಗಳನ್ನು ಮಂದವಾಗಿಡುವುದು ನನಗೆ ಫಲ ಕೊಟ್ಟಿತು.

ಇಷ್ಟೆಲ್ಲ ತಿಳಿದವರೇ ವಿನ್ಯಾಸಗೊಳಿಸಿರಬೇಕಾದ ಈ ದೀಪದಲ್ಲಿ ಶನಿವಾರ, ಭಾನುವಾರ ಅಲಾರಂ ತಾನಾಗಿ ನಿಂತಿರುವಂತೆ ಮಾಡಿರುವುದೇಕೆಂದು ತಿಳಿಯದು. ಕೆಲಸದ ದಿನಕ್ಕೂ ರಜಾದಿನಕ್ಕೂ ನಿದ್ದೆಯ ವೇಳೆಯಲ್ಲಿ ಬೀಳುವ ಈ ಅಂತರವನ್ನೇ ಸಂಶೋಧಕರು ‘ಸೋಷಿಯಲ್ ಜೆಟ್ ಲ್ಯಾಗ್’ ಎನ್ನುವುದು. ಎರಡು ದಿನ ಹೊತ್ತೇರುವವರೆಗೆ ಮಲಗಿದರೆ ವಾರವಿಡೀ ಹೊಂದಿಸಿದ್ದು ಸೋಮವಾರದ ಹೊತ್ತಿಗೆ ಸಡಿಲವಾಗುತ್ತದೆ. ಅದೃಷ್ಟವಶಾತ್ ಈ ಏರ್ಪಾಡನ್ನು ಬದಲಿಸಬಹುದು.

ಬದಲಿಸಲಾಗದ್ದು ಸಮಯ ತೋರಿಸುವ ನೀಲಿ ಅಂಕಿಗಳು. ರಾತ್ರಿ ಎಚ್ಚರವಾಗಿರುವಂತೆ ಮಿದುಳಿಗೆ ಸೂಚಿಸುವಲ್ಲಿ ಎಲ್ಲಕ್ಕಿಂತ ಮುಂದಿರುವ ಬಣ್ಣವೇ ನೀಲಿ. ಅತಿ ಕಡಿಮೆ ಮಟ್ಟಕ್ಕಿಳಿಸಿದರೂ ಅವು ಕತ್ತಲಲ್ಲಿ ಕಣ್ಣಿಗೆ ಚುಚ್ಚುತ್ತವೆ. ಅವುಗಳ ಮೇಲೆ ದಪ್ಪ ಕಪ್ಪು ಟೇಪು ಅಂಟಿಸಿ ಬಳಸುತ್ತಿದ್ದೇನೆ.

ಹಗಲಿನ ಪಾಳಿಯಲ್ಲಿ ದುಡಿಯುವ, ಸೂರ್ಯೋದಯಕ್ಕೆ ಮೊದಲೇ ಏಳಬೇಕಾದವರಿಗೆ ಇದನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ವಾರವಾರ ಪಾಳಿ ಬದಲಾಗುವವರು ಇದಕ್ಕೆ ಹಣ ಹಾಕುವ ಬದಲು ಹಗಲು ಮಲಗಲು ದಪ್ಪ ಪರದೆಗಳನ್ನು ಕೊಳ್ಳುವುದು ಲೇಸು.