ಹುಬ್ಬಳ್ಳಿಯ ಅದಿರು ಲ್ಯಾಬ್: ಬೆಳ್ಳಿಯ ಲೆಕ್ಕ ಸರಿಯಾಗಿ ಸಿಕ್ಕಿತು

ಸಲ್ಫೈಡ್ (ಗಂಧಕ ಸೇರಿದ) ಅದಿರನ್ನು ಬ್ಯಾಕ್ಟೀರಿಯಾದಿಂದ ಕರಗಿಸುವ ಪ್ರಯೋಗ ನನ್ನದು, ಧಾರವಾಡದಲ್ಲಿ. ಬೆಳ್ಳಿ ಎಲ್ಲಿ ಹೋಗುತ್ತಿದೆ ಅಂತ ತಿಳಿಯಲು ಹುಬ್ಬಳ್ಳಿಯ ಒಂದು ಖಾಸಗಿ ಲ್ಯಾಬಿಗೆ ಸ್ಯಾಂಪಲ್ ಕೊಟ್ಟೆ.

ಅಲ್ಲಿನ ಮೇಡಂ ಬಾಟಲಿ ನೋಡಿದವರೇ, "ನೀರಷ್ಟ ಕೊಟ್ರ ಆಗೂದಿಲ್ಲ ಸರ್, ತಳದಾಗಿನ ಹಳದಿ ರಾಡೀನೂ ಬೇಕು" ಅಂದರು. ನೂರಕ್ಕೆ ನೂರು ಸರಿ. ಬ್ಯಾಕ್ಟೀರಿಯಾ ಕಬ್ಬಿಣವನ್ನು ಆಕ್ಸಿಡೈಸ್ ಮಾಡಿದಾಗ ಜಾರೋಸೈಟ್ ಅನ್ನುವ ಹಳದಿ ಕಬ್ಬಿಣದ ಖನಿಜ ತಳಕ್ಕೆ ಕೂರುತ್ತದೆ. ಬೆಳ್ಳಿ ಅದರೊಳಗೇ ಸೇರಿಬಿಡುತ್ತದೆ. ಆಮೇಲೆ ಬೆಳ್ಳಿ ಕರಗಿಸುವ ಸೈನೈಡ್ ಹಾಕಿದರೂ ಸುಲಭಕ್ಕೆ ಹೊರಬರಲ್ಲ. ಮೊದಲು ಸುಣ್ಣ ಹಾಕಿ ಕಾಯಿಸಬೇಕು.

ಫೈರ್ ಅಸ್ಸೇ (ಸ್ಯಾಂಪಲನ್ನು ಸೀಸದ ಜೊತೆ ಕರಗಿಸಿ ಬೆಳ್ಳಿ, ಚಿನ್ನ ಅಳೆಯುವ ಪರೀಕ್ಷೆ) ಹತ್ತಿರದಿಂದ ನೋಡಲು ಬಿಟ್ಟರು, ಅದು ನನಗೆ ತುಂಬಾ ಹಿಡಿಸಿತು. ಸೀಸವೆಲ್ಲ ಕ್ಯುಪೆಲ್ ಅನ್ನುವ ಪುಟ್ಟ ಬಟ್ಟಲು ಹೀರಿಕೊಂಡು, ಬೆಳ್ಳಿ-ಚಿನ್ನದ, ಸಾಸಿವೆಗಿಂತ ಸಣ್ಣ ಮಣಿ ಉಳಿಯಿತು. ತೂಗಿ ನೈಟ್ರಿಕ್ ಆಸಿಡ್‌ಗೆ ಹಾಕಿದರು. ಬೆಳ್ಳಿ ಕರಗಿತು, ಚಿನ್ನದ ಚೂರು ಉಳಿಯಿತು. ಎರಡು ತೂಕದ ವ್ಯತ್ಯಾಸವೇ ಬೆಳ್ಳಿ, ಅಲ್ವಾ? ಕ್ಯುಪೆಲ್‌ನಲ್ಲಿ ಕಳೆದುಹೋಗುವ ಬೆಳ್ಳಿಯನ್ನೂ ಲೆಕ್ಕಕ್ಕೆ ಸೇರಿಸಿದ್ದರು. ಎಲ್ಲರೂ ಇಷ್ಟು ಮಾಡುವುದಿಲ್ಲ.

ರಿಪೋರ್ಟ್ ಮಾತ್ರ ತಡ. ನೀರಿಗೂ ರಾಡಿಗೂ ಬೇರೆ ಬೇರೆ ಬಿಲ್, ರೇಟು ಸ್ವಲ್ಪ ಜಾಸ್ತಿಯೇ. ಆದರೂ ಮುಂದಿನ ಸ್ಯಾಂಪಲ್ ಅಲ್ಲಿಗೇ ಕೊಡುತ್ತೇನೆ. ಚಾಲ್ಕೊಪೈರೈಟ್ ಅನ್ನುವ ಅದಿರಿನಿಂದ ತಾಮ್ರ ಬೇಗ ಕರಗಲಿ ಅಂತ ಬೆಳ್ಳಿ ಸೇರಿಸುವವರೂ ಇಲ್ಲಿ ಪರೀಕ್ಷೆ ಮಾಡಿಸಬಹುದು. ರಾಡಿಯನ್ನು ಸುಮ್ನೆ ಚೆಲ್ಲಬೇಡಿ, ಒಣಗಿಸಿ ತನ್ನಿ.