3 ಮಾರ್ಕಿನ ಗೋಡೆ ಚಾರ್ಟು: ವಿಯೆನ್ನಾದ 1885ರ ಆವರ್ತ ಕೋಷ್ಟಕ

ವಿಷಯಕ್ಕೆ ಪೂರ್ತಿ ಅಂಕ, ಕಾಗದಕ್ಕೆ ಸೊನ್ನೆ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದ ಉಗ್ರಾಣದಲ್ಲಿ 2014ರಲ್ಲಿ ಸಿಕ್ಕ ಈ ಚಾರ್ಟಿನ ವಿಮರ್ಶೆ ಅಷ್ಟರಲ್ಲೇ ಮುಗಿಯಬಹುದಿತ್ತು. ಆದರೆ ಆ ಪೂರ್ತಿ ಅಂಕಕ್ಕೂ ಒಂದೆರಡು ತಕರಾರಿವೆ.

ತರಗತಿಯ ಗೋಡೆಗೆಂದು ಅಚ್ಚಾದ ಆವರ್ತ ಕೋಷ್ಟಕಗಳಲ್ಲಿ ಈಗ ಉಳಿದಿರುವ ಅತಿ ಹಳೆಯದು ಇದೇ ಎಂದು ಹೇಳಲಾಗಿದೆ. ವಿಯೆನ್ನಾದ ಪ್ರಕಾಶನ, ಜರ್ಮನ್ ಭಾಷೆಯ ಬರಹ. ಪ್ರೊಫೆಸರ್ ಥಾಮಸ್ ಪರ್ಡಿ 1888ರ ಅಕ್ಟೋಬರಿನಲ್ಲಿ ಇದನ್ನು 3 ಮಾರ್ಕಿಗೆ (ಆಗಿನ ಜರ್ಮನ್ ನಾಣ್ಯ) ತರಿಸಿಕೊಂಡದ್ದು ವಿಶ್ವವಿದ್ಯಾಲಯದ ಲೆಕ್ಕಪತ್ರದಲ್ಲಿದೆ.

ಕಾಲ ಪತ್ತೆಯಾದದ್ದು ಧಾತುಗಳಿಂದಲೇ. 1875ರ ಗ್ಯಾಲಿಯಂ ಇದೆ, 1879ರ ಸ್ಕ್ಯಾಂಡಿಯಂ ಇದೆ, 1886ರಲ್ಲಿ ವಿಂಕ್ಲರ್ ಕಂಡುಹಿಡಿದ ಜರ್ಮೇನಿಯಂ ಇಲ್ಲ. ಅಂದರೆ ಪರ್ಡಿಯವರ ಕೈಸೇರುವ ಹೊತ್ತಿಗೇ ಸರಕು ಎರಡು ವರ್ಷ ಹಳಸಿತ್ತು! ಅದೂ ಅತಿ ಮುಖ್ಯವಾದ ಜಾಗದಲ್ಲಿ: ಸಿಲಿಕಾನ್ ಕೆಳಗೆ ಬರಬೇಕಾದ ಧಾತುವಿನ ಪರಮಾಣು ತೂಕ 72, ಸಾಂದ್ರತೆ 5.5 ಇರಬೇಕೆಂದು ಆವರ್ತ ಕೋಷ್ಟಕ ರೂಪಿಸಿದ ರಷ್ಯಾದ ರಸಾಯನಶಾಸ್ತ್ರಜ್ಞ ಮೆಂಡಲೀವ್ 1871ರಲ್ಲೇ ಬರೆದಿದ್ದರು. ಜರ್ಮೇನಿಯಂನ ಇಂದಿನ ಅಂಕಿ 72.6 ಮತ್ತು 5.3.

ವಿನ್ಯಾಸ ಮೆಂಡಲೀವರ 1871ರ ಕೋಷ್ಟಕವನ್ನು ಹೋಲುತ್ತದೆ, ಪೂರ್ತಿ ಅದೇ ಅಲ್ಲ. ಇಂದಿನ ಕೋಷ್ಟಕದ 18 ಕಂಬಸಾಲುಗಳಿಗೆ ಒಗ್ಗಿದ ಕಣ್ಣು ಈ ಎಂಟು ಗುಂಪುಗಳ ಜೋಡಣೆಯಲ್ಲಿ ಎಡವುವುದು ಖಚಿತ. ಸೋಡಿಯಂ ಇರುವ ಗುಂಪಿನಲ್ಲೇ ತಾಮ್ರ, ಬೆಳ್ಳಿ. ಕ್ಲೋರಿನ್ ಜೊತೆ ಮ್ಯಾಂಗನೀಸ್. ಇದು ಅಚ್ಚಿನ ದೋಷವಲ್ಲ. ಗುಂಪನ್ನು ನಿರ್ಧರಿಸುತ್ತಿದ್ದುದು ಆಕ್ಸೈಡಿನ ಸೂತ್ರ, ಹೀಗಾಗಿ ಗರಿಷ್ಠ ವೇಲೆನ್ಸಿ (ಬೇರೆ ಧಾತುಗಳೊಡನೆ ಕೂಡುವ ಶಕ್ತಿ) ಒಂದೇ ಆದವು ಒಂದೇ ಕಡೆ ಬಂದವು. ಸಮ ಸಾಲು, ಬೆಸ ಸಾಲುಗಳನ್ನು ಬೇರೆ ಬೇರೆಯಾಗಿ ಓದಿದರೆ ನಿಜವಾದ ನೆಂಟಸ್ತಿಕೆ ಕಾಣುತ್ತದೆ. ಹೀಲಿಯಂ, ಆರ್ಗಾನ್ ಸಾಲನ್ನು ಹುಡುಕಬೇಡಿ. ಆರ್ಗಾನ್ ಸಿಕ್ಕಿದ್ದೇ 1894ರಲ್ಲಿ.

ಟೆಲ್ಯೂರಿಯಂ–ಅಯೋಡಿನ್ ಜೋಡಿ ಆ ಕಾಲದ ಎಲ್ಲ ಕೋಷ್ಟಕಗಳಿಗೂ ತಲೆನೋವು. ಆಗ ಧಾತುಗಳನ್ನು ಪರಮಾಣು ತೂಕದ ಏರಿಕೆಯಲ್ಲಿ ಜೋಡಿಸುತ್ತಿದ್ದರು. ಗುಣ ನೋಡಿದರೆ ಟೆಲ್ಯೂರಿಯಂ ಮೊದಲು ಬರಬೇಕು, ಆದರೆ ಅದೇ ಹೆಚ್ಚು ಭಾರ: 127.6, ಅಯೋಡಿನ್ 126.9. ಅಳತೆಯೇ ತಪ್ಪೆಂದು ನಂಬಿದ ಮೆಂಡಲೀವ್ 1871ರಲ್ಲಿ ಟೆಲ್ಯೂರಿಯಂಗೆ 125 ಎಂದು ಹಾಕಿದರು. ಜಾಗ ಸರಿ, ಕಾರಣ ತಪ್ಪು. ಕ್ರಮ ತೂಕದ್ದಲ್ಲ, ಪರಮಾಣು ಸಂಖ್ಯೆಯದು (ಪರಮಾಣುವಿನಲ್ಲಿರುವ ಪ್ರೋಟಾನುಗಳ ಎಣಿಕೆ) ಎಂದು ಇಂಗ್ಲೆಂಡಿನ ಭೌತಶಾಸ್ತ್ರಜ್ಞ ಮೋಸ್ಲಿ ತೋರಿಸಿದ್ದು 1913ರಲ್ಲಿ.

ಇನ್ನು ಬಾಳಿಕೆ. ಕಾಗದದ ಬೆನ್ನಿಗೆ ದಪ್ಪ ಲಿನನ್ ಬಟ್ಟೆ ಅಂಟಿಸಿ ಸುರುಳಿ ಸುತ್ತಿಟ್ಟಿದ್ದರು. ಕಾಗದ ಪೆಡಸಾಗಿ, ಮುಟ್ಟಿದರೆ ಚಕ್ಕೆ ಏಳುತ್ತಿತ್ತು. ರಿಪೇರಿ ಮಾತ್ರ ಮಾದರಿ ಕೆಲಸ. ಬ್ರಷ್‌ನಿಂದ ಧೂಳು ತೆಗೆದು, ಬಟ್ಟೆ ಬಿಡಿಸಿ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಬೆರೆಸಿ ಪಿಎಚ್ ತಟಸ್ಥಗೊಳಿಸಿದ ಅಯಾನುರಹಿತ ನೀರಿನಲ್ಲಿ ತೊಳೆದರು. ಆಮೇಲೆ ಮೆಗ್ನೀಸಿಯಂ ಹೈಡ್ರೋಜನ್ ಕಾರ್ಬೊನೇಟ್ ದ್ರಾವಣದಲ್ಲಿ ನೆನೆಸಿದರು. ಬರಿ ತೊಳೆದರೆ ಕಾಗದದಲ್ಲಿ ಈಗಿರುವ ಆಮ್ಲ ಹೋದೀತು, ಮುಂದೆ ಹುಟ್ಟುವ ಆಮ್ಲಕ್ಕೆ ತಡೆ ಬೇಕಲ್ಲ. ಹರಿದ ಕಡೆ ಜಪಾನಿನ ಕೋಜೊ ಕಾಗದ, ಗೋಧಿ ಗಂಜಿಯ ಅಂಟು.

ಮೂಲಪ್ರತಿ ಈಗ ಹವೆ ನಿಯಂತ್ರಿತ ಸಂಗ್ರಹದಲ್ಲಿದೆ, ವಿಭಾಗದಲ್ಲಿ ತೂಗುತ್ತಿರುವುದು ನಕಲು. ಪಾಠಕ್ಕೆ ಆ ನಕಲೇ ಸಾಕು, ಪಕ್ಕದಲ್ಲಿ ಇಂದಿನ ಕೋಷ್ಟಕವೊಂದು ಇರಲಿ.