ತೆಳು ಪೇಂಟಿನ ಹೊಸ ಪಿಕಪ್‌: ಪಾಲಿಶ್‌, ಸೆರಾಮಿಕ್‌, ಫಿಲ್ಮ್‌, ಮರುಪೇಂಟು ನಾಲ್ಕನ್ನೂ ಮಾಡಿ ನೋಡಿದ್ದು

ಮನೆಯಲ್ಲಿ ಎರಡು ಪಿಕಪ್‌ ಇವೆ. ಬಿಳಿಯದು ನನ್ನದು, ಬೂದು ಮೆಟಾಲಿಕ್‌ ತಮ್ಮನದು. ಕಂಪನಿ ಬೇರೆ ಬೇರೆ, ಹೆಸರು ಬೇಡ. ಕೆಲಸ ಮಾತ್ರ ಎರಡಕ್ಕೂ ಒಂದೇ. ಕೊಯ್ಲಿನ ಕಾಲದಲ್ಲಿ ಮೂಡಿಗೆರೆ ಕಡೆಯ ತೋಟಗಳಿಂದ ಚಿಕ್ಕಮಗಳೂರಿನ ಕ್ಯೂರಿಂಗ್‌ ವರ್ಕ್ಸ್‌ಗೆ ಕಾಫಿ ಮೂಟೆ, ಉಳಿದ ದಿನ ಗೊಬ್ಬರ, ಶುಂಠಿ, ಸಿಮೆಂಟು, ಸಿಕ್ಕಿದ್ದು.

ಬಿಳಿ ಗಾಡಿ ಶೋರೂಮಿನ ಟ್ಯೂಬ್‌ಲೈಟ್‌ ಕೆಳಗೆ ಚೆನ್ನಾಗೇ ಕಂಡಿತ್ತು. ಮಾರನೇ ಬೆಳಗ್ಗೆ ಓರೆ ಬಿಸಿಲಿಗೆ ಎಡಗಡೆ ಬಾಗಿಲು ನೋಡಿದರೆ ಕಿತ್ತಳೆ ಸಿಪ್ಪೆ ಥರ ಸಣ್ಣ ಸಣ್ಣ ಗುಳಿ. ಪೇಂಟ್‌ ಗನ್ನಿನಿಂದ ಬಂದ ಹನಿಗಳು ಒಂದಕ್ಕೊಂದು ಕೂಡಿ ಸಮ ಆಗುವ ಮೊದಲೇ ಬಿಗಿದರೆ ಹೀಗಾಗುತ್ತೆ. ಹಿಡಿಯ ಕೆಳಗೆ ಮೇಣದಬತ್ತಿ ಕರಗಿದ ಹಾಗೆ ಒಂದು ಸೋರಿದ ಗೆರೆ. ಬಾಗಿಲು ತೆಗೆದು ಒಳ ಅಂಚು ನೋಡಿದರೆ ಬಿಳಿಯ ಹಿಂದಿನಿಂದ ಪ್ರೈಮರ್‌, ಅಂದರೆ ಬಣ್ಣಕ್ಕೂ ಮೊದಲು ಹೊಡೆಯುವ ಕೋಟು, ಇಣುಕುತ್ತಿತ್ತು. ಒಂದೇ ಬಾಗಿಲು, ಒಂದು ಕಡೆ ಸೋರುವಷ್ಟು, ಇನ್ನೊಂದು ಕಡೆ ಹೆಸರಿಗಷ್ಟೇ.

"ಬಿಡಿ ಸಾರ್‌, ಪಾಲಿಶ್‌ ಹೊಡ್ಸಿ ಕೊಡ್ತೀವಿ" ಅಂದರು ಶೋರೂಮಿನವರು. ಬಿಟ್ಟಿ ಅಂತ ಒಪ್ಪಿದೆ. ಹುಡುಗ ಸೋರಿದ ಗೆರೆಗೆ ವಾಟರ್‌ ಪೇಪರ್‌ ಹಿಡಿದು, ಆಮೇಲೆ ಇಡೀ ಬಾಗಿಲಿಗೆ ಕಾಂಪೌಂಡ್‌ (ಉಜ್ಜುವ ಪೇಸ್ಟು) ಹಾಕಿ ಉಜ್ಜಿದ. ಕಾಂಪೌಂಡ್‌ ಕಂದು ಬಣ್ಣದ್ದು, ಅವನ ಬಟ್ಟೆ ಮಾತ್ರ ಬೆಳ್ಳಗಾಗಿತ್ತು. ಬಣ್ಣದ ಮೇಲೆ ಪಾರದರ್ಶಕ ಕ್ಲಿಯರ್‌ ಕೋಟೇ ಇಲ್ಲ, ಬರುತ್ತಿರುವುದು ಬಣ್ಣವೇ ಅಂತ ಆಗ ತಲೆಗೆ ಹೋಯಿತು. ತಮ್ಮನ ಗಾಡಿಗೆ ಕ್ಲಿಯರ್‌ ಇದೆ, ಅದನ್ನು ಉಜ್ಜಿದರೆ ಬಟ್ಟೆಗೆ ಬೂದು ಹತ್ತಲ್ಲ.

ಚಿಕ್ಕಮಗಳೂರಿನ ನಮ್ಮ ಪೇಂಟಿಂಗ್‌ ಮೇಸ್ತ್ರಿ ಹತ್ತಿರ ಅಂಗೈಯಗಲದ ಮೀಟರಿದೆ. ತಗಡಿಗೆ ಒತ್ತಿದರೆ ಪೇಂಟಿನ ದಪ್ಪ ಮೈಕ್ರಾನಿನಲ್ಲಿ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಬರುತ್ತೆ. ಕಾರ್ಖಾನೆಯಲ್ಲಿ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ ಕರೆಂಟ್‌ ಕೊಟ್ಟು ಕೂರಿಸುವ ತುಕ್ಕು ತಡೆಯ ಕೋಟು ಸುಮಾರು 20 ಮೈಕ್ರಾನ್‌. ಅದರ ಮೇಲೆ ಪ್ರೈಮರ್‌, ಬಣ್ಣ, ಕ್ಲಿಯರ್‌ ಎಲ್ಲ ಸೇರಿದರೂ ಸಾಮಾನ್ಯವಾಗಿ 100ರಿಂದ 130ರ ಆಸುಪಾಸು, ಅಂದರೆ ಹೆಚ್ಚುಕಮ್ಮಿ ಒಂದು ಜೆರಾಕ್ಸ್‌ ಹಾಳೆಯಷ್ಟು. ತಮ್ಮನ ಬಾನೆಟ್ಟು 112 ತೋರಿಸಿತು. ನನ್ನದು 84. ಬಲಗಡೆ ಬಾಗಿಲು 82, ಉಜ್ಜಿಸಿಕೊಂಡ ಎಡಗಡೆಯದು 71.

"ಇನ್ನೊಂದ್ಸಲ ಉಜ್ಜಿದ್ರೆ ಪ್ರೈಮರ್‌ ಹಲ್ಲು ಕಿರಿಯುತ್ತೆ ಅಣ್ಣ" ಅಂದ ಮೇಸ್ತ್ರಿ. ಪಾಲಿಶಿನ ಕತೆ ಅಲ್ಲಿಗೆ ಮುಗಿಯಿತು.

ನನ್ನ ಗಾಡಿಯ ಬಾನೆಟ್ಟಿನ ಎಡ ಅರ್ಧಕ್ಕೆ ಸೆರಾಮಿಕ್‌ (ದ್ರವವಾಗಿ ಹಚ್ಚುವ ತೆಳು ಲೇಪ), ಬಲ ಅರ್ಧಕ್ಕೆ ಫಿಲ್ಮ್‌ (ಅಂಟಿಸುವ ಪಾರದರ್ಶಕ ಪ್ಲಾಸ್ಟಿಕ್‌ ಹಾಳೆ) ಹಾಕಿಸಿದೆ. ಎದುರು ಬರುವ ಲಾರಿಯ ಕಲ್ಲು ಹಾರುವುದು ಬಲಕ್ಕೇ ತಾನೆ, ಫಿಲ್ಮ್‌ ಹಾಕುವವನ ಮಾತು ಜೋರಿತ್ತು, ಅದಕ್ಕೇ ಕಷ್ಟದ ಕಡೆ ಕೊಟ್ಟೆ. ಸೆರಾಮಿಕ್‌ನವರು ಮೊದಲು ಮಿಷನ್‌ ಪಾಲಿಶ್‌ ಆಗಲೇಬೇಕು ಅಂತ ಕೂತರು. 84 ಅಂತ ಹೇಳಿ, ಬರೀ ತೊಳೆದು ಹಾಕಿ ಅಂದೆ.

ಜೂನ್‌ ಮಳೆಯಲ್ಲಿ ಸೆರಾಮಿಕ್‌ ಕಡೆ ನೋಡಲು ಖುಷಿ. ಕೆಸುವಿನ ಎಲೆ ಮೇಲಿನ ಹಾಗೆ ನೀರು ಉರುಳಿ ಹೋಗುತ್ತಿತ್ತು. ಕೆಂಪು ಕೆಸರು, ಬಾವಲಿ ಹಿಕ್ಕೆ ಎಲ್ಲ ಒಂದು ಪೈಪ್‌ ನೀರಿಗೆ ಬಿಡುತ್ತಿತ್ತು. ಆದರೆ ಅದರ ದಪ್ಪವೇ ಒಂದೆರಡು ಮೈಕ್ರಾನ್‌. ಹಾಕಿಸಿದ ಮೇಲೆ ಮೀಟರ್‌ ಒತ್ತಿದರೂ ಮೊದಲಿನಷ್ಟೇ ತೋರಿಸಿತು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಕಡೆ ಓಡಾಡಿದ್ದಕ್ಕೆ ಮಳೆಗಾಲ ಮುಗಿಯುವಷ್ಟರಲ್ಲಿ ಆ ಅರ್ಧದಲ್ಲಿ ಏಳು ಕಡೆ ಕಲ್ಲೇಟು, ಎರಡರಲ್ಲಿ ಆಗಲೇ ತುಕ್ಕಿನ ಕಣ್ಣು.

ಫಿಲ್ಮಿನ ಕಡೆ ಒಂದೂ ಇಲ್ಲ. ಒಂದು ಕಡೆ ಉಗುರು ಒತ್ತಿದಂಥ ಗುರುತಿತ್ತು, ಅದೂ ಫಿಲ್ಮಿಗೆ ಮಾತ್ರ. 150ರಿಂದ 200 ಮೈಕ್ರಾನಿನ ಹಾಳೆ, ಅಂದರೆ ನನ್ನ ಪೇಂಟಿನ ಎರಡರಷ್ಟು ದಪ್ಪ. ಅವಲಕ್ಷಣವೂ ಇದೆ. ಅಂಚಿನುದ್ದಕ್ಕೂ ಕೆಮ್ಮಣ್ಣು ಕೂತು ಲುಂಗಿ ಬಾರ್ಡರ್‌ ಥರ ಗೆರೆ ಬಂದಿದೆ, ಒಂದು ಮೂಲೆ ಎದ್ದಿದೆ. ಪೇಂಟು ತಗಡಿಗೆ ಸರಿಯಾಗಿ ಹಿಡಿದಿಲ್ಲದಿದ್ದರೆ ಕೀಳುವಾಗ ಅದನ್ನೂ ಕಿತ್ತುಕೊಂಡು ಬರುವುದುಂಟು ಅಂತ ಮೇಸ್ತ್ರಿ ಎಚ್ಚರಿಸಿದ್ದಾನೆ. ಆ ಮೂಲೆಯನ್ನು ಕೈಯಿಂದ ಎಳೆಯುವ ಧೈರ್ಯ ನನಗಿಲ್ಲ.

ತಮ್ಮ ತನ್ನ ಗಾಡಿಗೆ ಬರೀ ವ್ಯಾಕ್ಸ್‌ ತಿಕ್ಕುತ್ತಾನೆ. ಮಲೆನಾಡಿನ ಮಳೆಗೆ ಅದು ಮೂರು ವಾರ ನಿಲ್ಲಲ್ಲ. ಆದರೂ ಅವನ ಬಾನೆಟ್ಟು ನನ್ನ ಸೆರಾಮಿಕ್‌ ಅರ್ಧಕ್ಕಿಂತ ಚೆನ್ನಾಗಿದೆ. ಅಡಿಯಲ್ಲಿ ಮಾಲು ಇದೆಯಲ್ಲ.

ಉಳಿದದ್ದು ಎಡಗಡೆ ಬಾಗಿಲು, ಅದಕ್ಕೆ ಮರುಪೇಂಟೇ ಗತಿ. "ಮಳೆ ನಿಲ್ಲೋವರೆಗೂ ಈ ಕಡೆ ಬರಬೇಡಿ" ಅಂತ ಮೇಸ್ತ್ರಿ ದೀಪಾವಳಿವರೆಗೆ ಕಾಯಿಸಿದ. ಕಾರ್ಖಾನೆಯಲ್ಲಿ ಬರೀ ತಗಡಿನ ಬಾಡಿಯನ್ನು 140 ಡಿಗ್ರಿ ಹತ್ತಿರ ಬೇಯಿಸುತ್ತಾರೆ. ವೈರು, ರಬ್ಬರು ಎಲ್ಲ ಕೂತ ಗಾಡಿಯನ್ನು ಹಾಗೆ ಬೇಯಿಸುವ ಹಾಗಿಲ್ಲ, ಆದ್ದರಿಂದ ಗಟ್ಟಿಯಾಗಿಸುವ ಹಾರ್ಡ್ನರ್‌ ಬೆರೆಸಿದ ಪೇಂಟನ್ನು 60 ಡಿಗ್ರಿಯಲ್ಲೇ ಒಣಗಿಸಬೇಕು. ಕೆಲಸ ನಯವಾಗಿ ಬಂತು, ಮೀಟರು 190 ತೋರಿಸಿತು, ಬಿಳಿ ಮಾತ್ರ ಒಂದು ಕೂದಲೆಳೆ ಬೇರೆ. ಒಂದು ದಿನ ಗಾಡಿ ಬ್ರೋಕರೊಬ್ಬ ಸುಮ್ಮನೆ ಸುತ್ತು ಹಾಕಿದವನು ಆ ಬಾಗಿಲ ಮುಂದೆ ನಿಂತು, "ಎಲ್ಲಿ ಗುದ್ದಿದ್ರಿ?" ಅಂದ. ಕಂಪನಿಯಿಂದಲೇ ಹೀಗೆ ಬಂದಿತ್ತು ಅಂದರೆ ನಗುತ್ತಾನೆ.

ಹಿಂದೆ ಮಾಲು ತುಂಬುವ ತೊಟ್ಟಿಗೆ ಇದ್ಯಾವುದೂ ನಡೆಯಲ್ಲ, ಮೂಟೆ ಎಳೆದರೆ ಮುಗೀತು. ದಪ್ಪ ರಬ್ಬರ್‌ ಮ್ಯಾಟ್‌ ಹಾಸಿದ್ದೇನೆ. ವಾರಕ್ಕೊಮ್ಮೆ ಎತ್ತಿ ಒಣಗಿಸದಿದ್ದರೆ ಅದರಡಿಯ ನೀರೇ ತಿನ್ನುತ್ತೆ.

ದುಡ್ಡು ಹಾಕುವುದಾದರೆ ನಾನು ಇನ್ನು ಹಾಕುವುದು ಫಿಲ್ಮಿಗೇ, ಅದೂ ಬಾನೆಟ್ಟಿನ ಮುಂಭಾಗ ಮತ್ತು ಚಕ್ರದ ಹಿಂದಿನ ಗೇಣಗಲದ ಪಟ್ಟಿಗೆ ಮಾತ್ರ. ತಮ್ಮ ಇನ್ನೊಂದು ಗಾಡಿ ಬುಕ್‌ ಮಾಡಿದ್ದಾನೆ. ಬಿಸಿಲು ಓರೆಯಿರುವಾಗಲೇ ಹೊರಗೆ ನಿಲ್ಲಿಸಿ ತೋರಿಸಿ, ಸಹಿ ಆಮೇಲೆ ಅಂತ ಶೋರೂಮಿಗೆ ಹೇಳಿಟ್ಟಿದ್ದೇವೆ. ಮೇಸ್ತ್ರಿಯ ಮೀಟರು ಆಗಲೇ ನನ್ನ ಜೇಬಲ್ಲಿದೆ.